ಗಾಳಿ ಆಡುವ ಪೆಟ್ಟಿಗೆ

ಫೋನ್ ಎತ್ತದ ನಮ್ಮ ಯಜಮಾನರಿಗೆ,

ಮೂರು ವಾರದಿಂದ ನೀವು ಮುನಿಸಿಕೊಂಡಿದ್ದೀರಿ, ಮೆಸೇಜನ್ನೂ ನೋಡುತ್ತಿಲ್ಲ. ಅದಕ್ಕೇ ಈ ಕಾಗದ. ಅವತ್ತು ವಿಡಿಯೋ ಕರೆ ಕಟ್ ಮಾಡಿದ್ದು ನಾನಲ್ಲ. ನಿಮ್ಮ ಮುಖ ನೋಡುತ್ತಾ ಕಾಲು ಗಂಟೆ ಕಳೆಯುವಷ್ಟರಲ್ಲಿ ಕಂಪ್ಯೂಟರ್ ಕಾದು ತಾನಾಗಿಯೇ ಆಫ್ ಆಗಿಹೋಯಿತು.

ರಿಪೇರಿಯವರು ಬಂದು ನೋಡಿ, "ಒಳಗೆ ಗಾಳಿನೇ ಆಡ್ತಿಲ್ಲಮ್ಮ, ಬೇರೆ ಕೇಸ್, ಅಂದ್ರೆ ಹೊರಗಿನ ಡಬ್ಬಿ, ಹಾಕಿ" ಎಂದರು. ದಿನಾ ತಗಡಿನ ಟ್ರಂಕು ಮಾಡುವವಳು ನಾನು, ಒಂದು ಡಬ್ಬಿಗೆ ಹೆದರುತ್ತೇನೆಯೇ? ಅಂಗಡಿಯಲ್ಲಿ ಉಳಿದ ತಗಡು ತಂದು, ಅಳತೆ ಹಿಡಿದು ನಾನೇ ಮಡಚಿದೆ. ಮುಂದೊಂದು, ಹಿಂದೊಂದು ಫ್ಯಾನ್ ಕೂರಿಸಿದೆ. ಮೊದಲಿಗಿಂತ ಹೆಚ್ಚು ಕಾಯಿತು! ರಿಪೇರಿಯವರು ಬಿದ್ದು ಬಿದ್ದು ನಕ್ಕರು: "ಎರಡೂ ಒಳಕ್ಕೇ ಊದ್ತಿವೆ. ಬಿಸಿಗಾಳಿ ಎಲ್ಲಿಂದ ಹೊರಗೆ ಹೋಗ್ಬೇಕು?" ಏನೂ ನುಸುಳದಂತೆ ಮುಚ್ಚುವುದೊಂದೇ ಗೊತ್ತಿದ್ದ ಕೈ ನನ್ನದು. ಹಿಂದಿನ ಫ್ಯಾನ್ ತಿರುಗಿಸಿ ಹಾಕಿದೆ, ಮುಂದಿನ ತಗಡು ಕತ್ತರಿಸಿ ಜಾಲರಿ ಬಿಗಿದೆ, ವೈರುಗಳನ್ನೆಲ್ಲ ಬದಿಗೆ ಕಟ್ಟಿದೆ. ನಿನ್ನೆ ನಿಮ್ಮ ಹಳೆಯ ವಿಡಿಯೋಗಳನ್ನು ಹಾಕಿ ನಾಲ್ಕು ಗಂಟೆ ಓಡಿಸಿದೆ. ಆಫ್ ಆಗಲಿಲ್ಲ. ಪರೀಕ್ಷೆಗೆ ಒಂದು ಗಂಟೆ ಸಾಕಿತ್ತು.

ಅವತ್ತು ನೀವು ಕೊನೆಗೆ, "ಈ ಸೇತುವೆ ಕೆಲಸ ಬಿಟ್ಟು ಬಂದ್ಬಿಡ್ಲಾ?" ಎಂದು ಕೇಳಿದ್ದು ನನಗೆ ಕೇಳಿಸಿತು. "ಬನ್ನಿ" ಎಂದು ನಾನು ಹೇಳುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

ಭಾನುವಾರ ಕರೆ ಮಾಡಿ, ಇನ್ನೊಂದು ಸಲ ಕೇಳಿ. ಇಲ್ಲವೇ ಕೇಳದೆಯೇ ಬನ್ನಿ.

ನಿಮ್ಮ ತಗಡಮ್ಮ