ಮಳೆಗಾಲದಲ್ಲೂ ಬಿಸಿಲು ತೋರಿಸಿದ ಟೀವಿ

ಕಡ್ಲಬೆಟ್ಟು
೨೪ ಜೂನ್ ೨೦೧೨, ಭಾನುವಾರ

ಪ್ರೀತಿಯ ಪ್ರೇಕ್ಷಾ,

ನಾನು ಕ್ಷೇಮ. ನೀನು, ಹೊಟ್ಟೆಯಲ್ಲಿರುವ ಪುಟ್ಟ ಜೀವ, ಅತ್ತೆ, ಮಾವ ಎಲ್ಲರೂ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ಎರಡು ವಾರ ಕಾಗದ ಬರೆಯಲಿಲ್ಲ, ಬೈಯಬೇಡ. ದಿನಕ್ಕೆ ಐವತ್ತು ಜನರ ಮೊಬೈಲು ರಿಪೇರಿ ಮಾಡುವವನ ಹೆಂಡತಿಗೆ ತವರೂರು ಕೆರಾಡಿಯಲ್ಲಿ ರೇಂಜ್ ಇಲ್ಲ! ಹೋದ ವಾರ ನೀನು ಗುಡ್ಡೆ ಹತ್ತಿ ಫೋನ್ ಮಾಡಿದ್ದು ಕೇಳಿ ನನಗೆ ಎದೆ ಧಸಕ್ಕೆಂದಿತು. ಎಂಟು ತಿಂಗಳ ಬಸುರಿ ಗುಡ್ಡೆ ಹತ್ತುವುದಾ? ಇನ್ನು ಕಾಗದವೇ ಸಾಕು.

ಇಲ್ಲಿಯ ಸುದ್ದಿ ಹೇಳುತ್ತೇನೆ, ಕೂತುಕೊಂಡು ಓದು. ಜೋರಾಗಿ ನಗಬೇಡ.

ಏಪ್ರಿಲ್‌ನಲ್ಲಿ ನೀನು ಹೊರಡುವಾಗ ನಮ್ಮ ಪಂಚಾಯತಿಯ ಎಂಟು ಕ್ಯಾಮೆರಾಗಳನ್ನು ನೋಡಿಯೇ ಹೋಗಿದ್ದಿ. ತ್ರಾಸಿ ಬೀಚಿಗೆ ಬರುವ ಟೂರಿಸ್ಟುಗಳು ನಮ್ಮೂರ ಕಡಲಬದಿಗೂ ಬರಬೇಕಾದರೆ ಭದ್ರತೆ ಬೇಕು ಎಂದು ಅಧ್ಯಕ್ಷ ಮಂಜಯ್ಯನವರು ಹಾಕಿಸಿದ್ದು. ಗುತ್ತಿಗೆ ಯಾರಿಗೆ? ಅವರ ತಂಗಿಯ ಮಗ ಸುಶಾಂತ್‌ಗೆ. ಪಂಚಾಯತಿ ಕಚೇರಿಯ ಗೋಡೆಯಲ್ಲಿ ದೊಡ್ಡ ಟೀವಿ, ಅದರಲ್ಲಿ ಇಡೀ ದಿನ ಕಡಲಬದಿ ಕಾಣುತ್ತಿತ್ತು.

ನೀನು ಹೋದ ಮೇಲೆ ಊರು ಎಷ್ಟು ಸುಧಾರಿಸಿತೆಂದು ಹೇಳಲಿಕ್ಕಿಲ್ಲ. ಶಾಲೆಯ ಗೋಡೆಯ ಬುಡದಲ್ಲಿ ಮೂತ್ರಕ್ಕೆ ನಿಲ್ಲುವವರು ಯಾರೂ ಇಲ್ಲ. ಎಲ್ಲರೂ ಬೆಲೆಬಾಳುವ ಸಾಮಾನನ್ನು ಕ್ಯಾಮೆರಾ ಕಂಬದ ಕೆಳಗೇ ಇಡಲು ಶುರು ಮಾಡಿದರು. ಬೈಕು, ಗ್ಯಾಸ್ ಸಿಲಿಂಡರ್, ಯಾರೋ ಒಬ್ಬರು ಹಲಸಿನಹಣ್ಣನ್ನೂ ಇಟ್ಟಿದ್ದರು. ಬಲೆ ನೇಯುವ ಮಂಜ ಗೊತ್ತಲ್ಲ, ಕುಡಿದು ಬರುವಾಗ ಕಂಬದ ಕೆಳಗೆ ನಿಂತು ಚಪ್ಪಲಿ ಕಳಚಿ ಕೈಮುಗಿದು, "ಸಾರ್, ಇವತ್ತ್ ಎರಡೇ ಹಾಕಿದ್ದ್" ಎಂದು ಲೆಕ್ಕ ಒಪ್ಪಿಸಿ ಹೋಗುತ್ತಿದ್ದ. ಮೂರಾದರೆ ಸುತ್ತು ಬಳಸಿ ತೋಟದ ದಾರಿಯಲ್ಲಿ ಮನೆಗೆ.

ಒಂದು ಗುಟ್ಟು ನಿನ್ನಿಂದಲೂ ಮುಚ್ಚಿಟ್ಟಿದ್ದೆ. ಉದ್ಘಾಟನೆಯಾದ ನಾಲ್ಕನೇ ದಿನ ಪಂಚಾಯತಿಯ ಫ್ಯಾನ್ ರಿಪೇರಿಗೆ ಹೋಗಿದ್ದೆ. ಟೀವಿಯಲ್ಲಿ ಒಂದು ಕಂದು ನಾಯಿ ಬಂತು, ಕೂತಿತು, ಎಡಗಿವಿ ಕೆರೆದುಕೊಂಡಿತು. ನಾನು ರೆಗ್ಯುಲೇಟರ್ ಬಿಚ್ಚಿ ಜೋಡಿಸುವಷ್ಟರಲ್ಲಿ ಅದೇ ನಾಯಿ ಮತ್ತೆ ಬಂತು, ಕೂತಿತು, ಅದೇ ಎಡಗಿವಿ. ಗಡಿಯಾರ ನೋಡಿಕೊಂಡೆ. ಹನ್ನೆರಡು ನಿಮಿಷಕ್ಕೊಮ್ಮೆ ಅದಕ್ಕೆ ಕಿವಿ ತುರಿಸುತ್ತಿತ್ತು. ಟೀವಿಯ ಹಿಂದೆ ಬಗ್ಗಿ ನೋಡಿದರೆ ಕ್ಯಾಮೆರಾದ ವಯರ್ ಒಂದೂ ಇಲ್ಲ. ಕಪಾಟಿನೊಳಗೆ ಒಂದು ಸಿ.ಡಿ. ಪ್ಲೇಯರ್, ತಿರುಗುತ್ತಾ ಇತ್ತು. ಊರ ಉಸಾಬರಿ ನನಗೇಕೆ ಎಂದು ಸುಮ್ಮನಾದೆ.

ಮಳೆ ಶುರುವಾಯಿತು ನೋಡು, ಅಲ್ಲಿಂದ ಎಡವಟ್ಟು.

ಎಳನೀರು ಬೊಂಡ ಮಾರುವ ನಾಗಕ್ಕ ಮಳೆಗಾಲಕ್ಕೆಂದು ತನ್ನ ಕೈಗಾಡಿಗೆ ಟರ್ಪಾಲು ಸುತ್ತಿ ಕ್ಯಾಮೆರಾ ಕಂಬಕ್ಕೇ ಸರಪಳಿ ಹಾಕಿ ಬೀಗ ಜಡಿದಿದ್ದರು. ಹೋದ ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಕಂಬ ಇದೆ, ಸರಪಳಿ ಇದೆ, ಗಾಡಿ ಇಲ್ಲ. ಪಾಪ, ಗಂಡ ಹೋದ ಮೇಲೆ ಆ ಗಾಡಿಯಿಂದಲೇ ಮಗಳನ್ನು ಓದಿಸುತ್ತಿರುವ ಹೆಂಗಸು. ನೇರ ಪಂಚಾಯತಿಗೆ ನಡೆದರು. ನಾನು ಅಲ್ಲೇ ಇದ್ದೆ.

"ಹ್ವಾಯ್ ಅಧ್ಯಕ್ಷ್ರೇ, ನನ್ ಗಾಡಿ ತಕಂಡ್ ಹೋದವ ಯಾರಂದ್ ಟೀವಿ ಒಳ್ಗೆ ಕಾಂಬ" ಎಂದರು.

ಮಂಜಯ್ಯನವರು ಸುಶಾಂತ್‌ನ ಮುಖ ನೋಡಿದರು. ಸುಶಾಂತ್ ಮೊಬೈಲು ನೋಡಿದ. ನಾಗಕ್ಕ ಟೀವಿ ನೋಡಿದರು, ಆಮೇಲೆ ಕಿಟಕಿ ನೋಡಿದರು. ಹೊರಗೆ ಹಂಚು ಹಾರಿಹೋಗುವಂಥ ಮಳೆ.

"ಎಂತ ಮರಾಯ್ರೆ ಇದ್! ಹೊರ್ಗೆ ಮಳಿ ಹೊಯ್ತಿತ್ತ್, ಟೀವಿ ಒಳ್ಗೆ ಬಿಸ್ಲ್! ನಮ್ ಊರಿಗೆ ಎರಡ್ ಆಕಾಶ ಇತ್ತಾ?"

"ಸಿಗ್ನಲ್ ಬಪ್ಪುದ್ ಒಂಚೂರ್ ಲೇಟ್ ಅಕ್ಕ" ಎಂದ ಸುಶಾಂತ್.

"ಎಷ್ಟ್ ಲೇಟ್? ಮಳಿ ಹಿಡ್ದ್ ಹದಿನೈದ್ ದಿನ ಆಯ್ತ್. ನಡ್ಕಂಡ್ ಬತ್ತಿತ್ತಾ ಅದ್?"

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಆದರೆ ಮರುದಿನ ಸುಶಾಂತ್ ಊರೆಲ್ಲ ಬೇರೆಯೇ ಮಾತು ಹಬ್ಬಿಸಿದ. ನಾಗಕ್ಕನಿಗೆ ಗಾಡಿ ಹೋದ ದುಃಖದಲ್ಲಿ ತಲೆ ಕೆಟ್ಟಿದೆ, ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ಟೀವಿ ಅಂದುಕೊಂಡರು ಅಂತ. ನಂಬುವವರೂ ಇದ್ದರು ಪ್ರೇಕ್ಷಾ, ಅದೇ ಬೇಸರ.

ಆ ಸಂಜೆ ಮಂಜಯ್ಯನವರು ಕೊಡೆ ಹಿಡಿದು ನಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಟೈಪು ಮಾಡಿಸಿದ ಕಾಗದ.

"ಉಮಾನಾಥ, ನೀ ನಮ್ ಊರ್ ಗಂಡ್. ಎಂಟೂ ಕ್ಯಾಮೆರಾ ಚಾಲೂ ಇತ್ತ್ ಅಂದೇಳಿ ಒಂದ್ ಸೈನ್ ಹಾಕ್. ಶುಕ್ರವಾರ ಗ್ರಾಮಸಭೆ ಒಳ್ಗೆ ಓದಿ ಹೇಳ್ತೆ, ಗಲಾಟೆ ಮುಗೀತ್. ಇನ್ನ್ ಹತ್ತ್ ವರ್ಷ ಕ್ಯಾಮೆರಾ ರಿಪೇರಿ ನಿಂದೇ."

"ಒಳಗೆ ಏನೂ ಇಲ್ಲದ್ದನ್ನ ರಿಪೇರಿ ಮಾಡುದ್ ಹ್ಯಾಂಗ್ ಅಧ್ಯಕ್ಷ್ರೆ?" ಎಂದೆ.

"ಅದೇ ಅಲ್ದಾ ಒಳ್ಳೇದ್? ಹಾಳಾಪ್ದೇ ಇಲ್ಲ!"

ನಾನು ಆ ಕಾಗದವನ್ನು ಅಲ್ಲೇ ಅವರ ಕೈಗೆ ವಾಪಸು ಕೊಟ್ಟೆ.

ಶುಕ್ರವಾರ ಗ್ರಾಮಸಭೆ. ಶಾಲೆಯ ಹಾಲ್ ತುಂಬಿ ಜಗುಲಿಯಲ್ಲೂ ಜನ. ಮಂಜಯ್ಯನವರು ಮೈಕಿನಲ್ಲಿ, "ನಮ್ಮ ಕ್ಯಾಮೆರಾ ಸಿಂಗಾಪುರದ ಮಟ್ಟದ್ದು" ಎನ್ನುವಾಗ ನಾನು ಎದ್ದು ನಿಂತೆ. "ಒಂದನ್ನು ಇಳಿಸಿ ತೋರಿಸಲೇ?" ಎಂದು ಕೇಳಿದೆ. ಅವರು ಬೇಡ ಎನ್ನುವ ಮೊದಲೇ ಜನ ಏಣಿ ತಂದಾಗಿತ್ತು.

ಶಾಲೆಯೆದುರಿನ ಕ್ಯಾಮೆರಾ ಇಳಿಸಿ ಮೇಜಿನ ಮೇಲಿಟ್ಟು ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಎರಡು ಬ್ಯಾಟರಿ, ಮಿಣುಕುವ ಒಂದು ಕೆಂಪು ದೀಪ, ಇರುವೆಯ ಗೂಡು. ಮುಚ್ಚಳದ ಒಳಮೈಯಲ್ಲಿ ಇಂಗ್ಲಿಷ್ ಚೀಟಿ. ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದೆ: "ಆಟಿಕೆ. ಮೂರು ವರ್ಷದ ಒಳಗಿನ ಮಕ್ಕಳ ಕೈಗೆ ಕೊಡಬಾರದು."

ಹಿಂದಿನ ಸಾಲಿನಿಂದ ಬಲೆ ನೇಯುವ ಮಂಜ ಎದ್ದ. ಕಣ್ಣಲ್ಲಿ ನೀರು. "ಮೂರ್ ತಿಂಗ್ಳ್! ಮೂರ್ ತಿಂಗ್ಳ್ ನಾ ಇದ್ಕಾ ಕೈಮುಗ್ದದ್ದ್? ಬರೀ ಎರಡ್ ಹಾಕ್ಕಂಡ್ ಮನಿಗ್ ಹೋದದ್ದಕ್ಕೆ ನಷ್ಟ ಕೊಡುದ್ ಯಾರ್?"

ನಾಗಕ್ಕ ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು, "ನನ್ ತಲಿ ಸರಿ ಇತ್ತ್ ಅಂತಾಯ್ತಲೆ" ಎಂದರು, ಅಷ್ಟೇ.

ನಿನ್ನೆ ತಾಲೂಕಿನಿಂದ ವಿಚಾರಣೆಗೆ ಬಂದು ಟೀವಿ, ಪ್ಲೇಯರ್, ಸಿ.ಡಿ. ಎಲ್ಲಕ್ಕೂ ಸೀಲ್ ಹಾಕಿ ಒಯ್ದರು. ಮಂಜಯ್ಯನವರಿಗೆ ಎದೆನೋವು, ಆಸ್ಪತ್ರೆಯಲ್ಲಿದ್ದಾರೆ. ಇಡ್ಲಿ ತಿನ್ನುವಾಗ ನೋವು ಇಲ್ಲವಂತೆ, ಅಧಿಕಾರಿ ಬಂದಾಗ ಮಾತ್ರ. ಸುಶಾಂತ್‌ನ ಫೋನು ಸ್ವಿಚ್ ಆಫ್. ನಾಗಕ್ಕನ ಗಾಡಿ ಸಿಗಲಿಲ್ಲ, ಟರ್ಪಾಲು ಚರಂಡಿಯಲ್ಲಿತ್ತು. ಸದ್ಯಕ್ಕೆ ನಮ್ಮ ಅಂಗಡಿಯ ಜಗುಲಿಯಲ್ಲೇ ವ್ಯಾಪಾರ ಮಾಡಿ ಎಂದಿದ್ದೇನೆ. ಪಂಚಾಯತಿಯ ರಿಪೇರಿ ಕೆಲಸ ನನಗೆ ಇನ್ನು ಬರಲಿಕ್ಕಿಲ್ಲ, ನೀನು ಚಿಂತೆ ಮಾಡಬೇಡ.

ಕಬ್ಬಿಣದ ಮಾತ್ರೆ ಮರೆಯದೆ ನುಂಗು. ಅತ್ತೆ ಮಾವನಿಗೆ ನನ್ನ ನಮಸ್ಕಾರ. ಒಳಗೆ ಒದೆಯುತ್ತಿರುವವರಿಗೆ ಅಪ್ಪನ ಆಶೀರ್ವಾದ, ಆರೋಗ್ಯವಾಗಿ ಹೊರಗೆ ಬರಲಿ.

ನಿನ್ನ
ಉಮಾನಾಥ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಧ್ಯಕ್ಷರ ಕಾಗದವನ್ನು ನಾನು ಅಲ್ಲೇ ವಾಪಸು ಕೊಡಲಿಲ್ಲ. ಸೈನ್ ಹಾಕಿದರೆ ಆ ಸಿ.ಡಿ. ನನಗೆ ಕೊಡುತ್ತೀರಾ ಎಂದು ಕೇಳಿದೆ. ಕೂಡಲೇ ಒಪ್ಪಿದರು. ಪೆನ್ನಿನ ಮುಚ್ಚಳ ತೆಗೆದಿದ್ದೆ. ಆಗ ನಾಗಕ್ಕ ಮಳೆಯಲ್ಲಿ ನೆನೆದು ಬಂದು ಬಾಗಿಲಲ್ಲಿ ನಿಂತರು. "ನೀ ಕಲ್ತವ. ನನ್ ತಲಿ ಕೆಟ್ಟದ್ದಾ, ಆ ಟೀವಿ ಕೆಟ್ಟದ್ದಾ, ಒಂದ್ ಹೇಳ್" ಎಂದು ಕೇಳಿದರು. ಪೆನ್ನು ಕೆಳಗಿಟ್ಟೆ.

ಆ ಸಿ.ಡಿ.ಯಲ್ಲಿ ನನ್ನ ಅಪ್ಪ ಇದ್ದಾರೆ, ಪ್ರೇಕ್ಷಾ. ಸುಶಾಂತ್ ಆ ವಿಡಿಯೋ ತೆಗೆದದ್ದು ಜನವರಿಯಲ್ಲಿ. ಅಪ್ಪ ಸಂಜೆ ಕಡಲು ನೋಡದೆ ಊಟಕ್ಕೆ ಕೂರುತ್ತಿರಲಿಲ್ಲ, ನಿನಗೆ ಗೊತ್ತಲ್ಲ. ದೂರದಲ್ಲಿ, ಬೆನ್ನು ಮಾತ್ರ ಕಾಣುತ್ತದೆ. ಎಡಗಾಲು ಸ್ವಲ್ಪ ಎಳೆದು ಆ ಕಡೆಯಿಂದ ಈ ಕಡೆಗೆ ನಡೆದುಹೋಗುತ್ತಾರೆ. ಬೇರೆ ಯಾರಿಗೂ ಗುರುತಾಗಲಿಲ್ಲ. ಅಪ್ಪ ತೀರಿಕೊಂಡು ಹದಿಮೂರನೇ ದಿನದ ಕ್ರಿಯೆ ಮುಗಿದ ವಾರವೇ ಉದ್ಘಾಟನೆಯಾದದ್ದು. ಮೂರು ತಿಂಗಳು ನಾನು ಬಾಯಿ ಮುಚ್ಚಿ ಕೂತದ್ದು ಅದಕ್ಕೆ. ದಿನಾ ಏನಾದರೊಂದು ನೆಪ ಮಾಡಿ ಪಂಚಾಯತಿಗೆ ಹೋಗಿ ಅವರು ನಡೆಯುವುದನ್ನು ನೋಡಿ ಬರುತ್ತಿದ್ದೆ. ನಮ್ಮ ಮಗುವಿಗೆ ತೋರಿಸಬಹುದಿತ್ತಲ್ಲ ಎಂಬ ಆಸೆ.

ನಿನ್ನೆ ಸೀಲ್ ಹಾಕುವ ಮೊದಲು ಅಧಿಕಾರಿ, "ಆಫ್ ಮಾಡಿ" ಎಂದು ನನಗೇ ಹೇಳಿದರು. ಅಪ್ಪ ಅರ್ಧ ದಾರಿಯಲ್ಲಿದ್ದರು. ಅವರು ನಡೆದು ದಾಟಿ ಹೋಗುವವರೆಗೆ ಕಾದು, ಆಮೇಲೆ ಸ್ವಿಚ್ ಒತ್ತಿದೆ.