ಹೆಸರಿಲ್ಲದವನಿಗೆ ಹಾಕಿದ ಎಲೆ

ಜುಲೈ 17, ಗುರುವಾರ

ಬೆಳಿಗ್ಗೆ ಹಾಲು ಕರೆದದ್ದು ನಾನೇ. ಯಮುನಳಿಗೆ ಕೈ ನೋವು. ಮದುವೆಯಾಗಿ ಬಂದಾಗಿನಿಂದ ಆಟಿ ತಿಂಗಳು ಬಂತೆಂದರೆ ಸೊಸೆಗೆ ಕೈ ನೋವು. ಕೋಳಿಗೂಡು ತೊಳೆದದ್ದೂ ನಾನೇ. ಮೊಣ್ಣಪ್ಪ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದ. ನನ್ನ ಮಗನೇ ಆದರೂ ಹೇಳ್ತೇನೆ, ಕಾವಿಗೆ ಕೂತ ಹೇಂಟೆಗೂ ಆಗಾಗ ಎದ್ದು ಕಾಳು ಹೆಕ್ಕುವ ಬುದ್ಧಿ ಉಂಟು.

ಪ್ರಜ್ಞೇಶನ ಫೋನಿಲ್ಲ. ಭಾನುವಾರ ಭಾನುವಾರ ಹಡಗಿನಿಂದ ಮಾಡ್ತಿದ್ದ. ಮೊನ್ನೆ ಭಾನುವಾರ ಇಲ್ಲ. ಅದರ ಹಿಂದಿನದ್ದೂ ಇಲ್ಲ.

ಮೊಮ್ಮಗ ಹಡಗಿಗೆ ಸೇರ್ತೇನೆ ಅಂದಾಗಲೇ ಕೇಳಿದ್ದೆ — ನಮ್ಮ ಮನೆಯಲ್ಲಿ ಮಳೆಗಾಲದ ಪಯಸ್ವಿನಿ ಹೊಳೆ ದಾಟಿದವರೇ ಇಲ್ಲ, ನಿನಗೆ ಎಂಥಕ್ಕೆ ಸಮುದ್ರ ಅಂತ. ನಗಾಡಿದ. ಹೈದನ ಹಲ್ಲು ಚಂದ, ಅದಕ್ಕೇ ಎಲ್ಲದಕ್ಕೂ ನಗಾಡ್ತಾನೆ.

ಟಿವಿಯಲ್ಲಿ ಅವನ ಹಡಗು ಹೋಗುವ ಕೆಂಪು ಸಮುದ್ರ ಅಂತ ತೋರಿಸಿದರು. ಕೆಂಪು ಎಂಥದೂ ಇರಲಿಲ್ಲ, ನೀಲಿಯೇ. ನಡುವೆ ಒಂದು ಹಡಗು ಉರೀತಿತ್ತು. ಯಮುನ ಎದ್ದು ಹೋಗಿ ಪ್ಲಗ್ಗೇ ಕಿತ್ತಳು. ಯಾರೂ ಬಯ್ಯಲಿಲ್ಲ.

ಜುಲೈ 20, ಭಾನುವಾರ, ಸಂಜೆ

ಫೋನಿಲ್ಲ.

ಕೆಲಸ ಕೊಡಿಸಿದ ಏಜೆಂಟನ ಆಫೀಸು ಮಂಗಳೂರಲ್ಲಿ. ಮೊಣ್ಣಪ್ಪ ಫೋನು ಮಾಡಿದರೆ ಒಂದು ಹೆಂಗಸು ಇಂಗ್ಲಿಷಿನಲ್ಲಿ ಕಾಯಿರಿ ಅಂತಾಳೆ, ಆಮೇಲೆ ಪೀಪಿ ಊದ್ತಾರೆ. ಹೋಗಿ ಕೇಳಿ ಬಾ ಅಂದರೆ ಮೊಣ್ಣಪ್ಪ ನಾಳೆ ಅಂತಾನೆ, ನಾಡಿದ್ದು ಅಂತಾನೆ. ಅಲ್ಲಿ ಎಂಥ ಹೇಳಿಬಿಡ್ತಾರೋ ಅಂತ ಹೆದರಿಕೆ ಅವನಿಗೆ. ನನಗೂ ಉಂಟು. ನಾನು ತೋರಿಸೋದಿಲ್ಲ, ಅಷ್ಟೇ.

ಮಂಗಳವಾರ ನಾನೇ ಹೋಗ್ತೇನೆ ಅಂದೆ. ಮೋಕ್ಷಿತಾ ಅಲ್ಲೇ ಕಾಲೇಜು ಓದ್ತಾಳೆ, ಅಣ್ಣನ ವಿಷಯ ಅಂದರೆ ಓಡಿ ಬರ್ತಾಳೆ. ಇಂಗ್ಲಿಷ್ ಅವಳು ಮಾತಾಡಲಿ. ಜಗಳ ನಾನು ಮಾಡ್ತೇನೆ.

ಜುಲೈ 22, ಮಂಗಳವಾರ

ಬಂದೆ. ಮಿಂದೆ. ಸಾಲದು ಅನ್ನಿಸಿ ಮತ್ತೊಮ್ಮೆ ಮಿಂದೆ. ಯಮುನ ಎಂಥ ಅಂತ ಕೇಳಿದಳು, ಬಸ್ಸಿನ ಧೂಳು ಅಂದೆ. ಈ ಮಳೆಯಲ್ಲಿ ಧೂಳು.

ನಾಳೆ ಬರೀತೇನೆ. ಇವತ್ತು ಕೈ ಬರೋದಿಲ್ಲ.

ಜುಲೈ 23, ಬುಧವಾರ, ಬೆಳಿಗ್ಗೆ

ಬರೆದರೆ ಎದೆಭಾರ ಇಳಿಯಬಹುದು. ನೋಡುವ.

ನಿನ್ನೆ ಮೊದಲ ಬಸ್ಸಿಗೆ ಹೋದದ್ದು. ಮೋಕ್ಷಿತಾಳಿಗೆ ಅಂತ ಯಮುನ ಕೋಳಿಸಾರು, ಅನ್ನ ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿ ಕೊಟ್ಟಿದ್ದಳು. ಆಫೀಸು ಹಳೇ ಬಂದರಿನ ಹತ್ತಿರ, ಮೋಕ್ಷಿತಾ ಬಾಗಿಲಲ್ಲೇ ಕಾಯ್ತಿದ್ದಳು. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಹೈದ, ಮೂರು ಗಂಟೆ ಮೇಲೆ ಬನ್ನಿ, ಸಾರ್ ಬರ್ತಾರೆ ಅಂದ. ಕೂರಲಿಕ್ಕೆ ಕುರ್ಚಿ ಇಲ್ಲ. ಆ ಸಾರ್‌ಗೆ ಮಾತ್ರ ಉಂಟು, ತಿರುಗುವಂಥದ್ದು.

ಹೊರಗೆ ನಿಲ್ಲಲಿಕ್ಕೆ ಜಾಗ ಇಲ್ಲ. ರಸ್ತೆಯ ಆಚೆ ಮುರಕಲ್ಲಿನ ದೊಡ್ಡ ಗೋಡೆ, ಗೇಟು ತೆರೆದಿತ್ತು, ಒಳಗೆ ಮರಗಳು. ಮಳೆ ಬಿಟ್ಟಿತ್ತು. ಪಾರ್ಕು ಅಂತ ನುಗ್ಗಿದ್ದು ನಾನೇ. ಒಳಗೆ ಹೋದ ಮೇಲೆ ನೋಡ್ತೇನೆ — ಗೋರಿಗಳು. ಪಾಚಿ ಹಿಡಿದು ಕಪ್ಪಾದ ಕಂಬಗಳು, ಕೆಲವು ನನ್ನ ಎರಡಾಳು ಎತ್ತರ. ಕಸ ಗುಡಿಸುವ ಹೆಂಗಸು ಹೇಳಿದಳು, ಪರದೇಶದವರದ್ದಂತೆ. ಹಡಗಿನಲ್ಲಿ ಬಂದವರು, ಜ್ವರ ಬಂದು ಹೋದವರು, ವಾಪಸ್ ಹೋಗಲಿಕ್ಕೆ ಆಗದವರು. ಈಗ ಯಾರಾದರೂ ಬರ್ತಾರಾ ಅಂತ ಕೇಳಿದೆ. ಫೋಟೋ ತೆಗೆಯುವವರು ಬರ್ತಾರೆ ಅಂದಳು.

ಮಟಮಟ ಮಧ್ಯಾಹ್ನ. ಆಟಿ ತಿಂಗಳು. ಸ್ಮಶಾನ. ಬುದ್ಧಿ ಇದ್ದವರಾದರೆ ಅಲ್ಲಿಂದಲೇ ತಿರುಗಿ ಬರ್ತಿದ್ದರು.

ಮೋಕ್ಷಿತಾ ಕಲ್ಲು ಓದ್ತಾ ಓದ್ತಾ ಹೋದಳು. ಗೋಡೆಯ ಮೂಲೆಯಲ್ಲಿ ಒಂದು ಸಣ್ಣ ಕಲ್ಲು. ಮೇಲಿನ ಪದರ ಎದ್ದು ಹೋಗಿದೆ, ಹೆಸರಿಲ್ಲ. ಕೆಳಗಿನದ್ದು ಮಾತ್ರ ಉಂಟು. ಹಡಗಿನ ಕೆಲಸದವ, ಈ ಬಂದರಿನಲ್ಲಿ ಹಡಗಿನ ಕಂಬದಿಂದ ಬಿದ್ದು ಸತ್ತ, ಇಪ್ಪತ್ತು ವರ್ಷ ಅಂತ ಓದಿದಳು. ನಮ್ಮವನಿಗಿಂತ ಎರಡು ವರ್ಷ ಚಿಕ್ಕವ.

ನನ್ನ ಕಾಲು ಅಲ್ಲೇ ನಿಂತಿತು. ಇಷ್ಟು ಕಾಲ ಆಯ್ತು, ಇವನಿಗೆ ಯಾರು ಎಲೆ ಹಾಕಿದ್ದಾರೆ? ನಮ್ಮಲ್ಲಿ ಆಟಿ ಬಂತೆಂದರೆ ಸತ್ತವರಿಗೆ ಅಗೆಲು ಹಾಕ್ತೇವೆ. ಅನ್ನ, ಕೋಳಿಸಾರು ಎಲೆಗೆ ಬಡಿಸಿ, ಹೆಸರು ಹಿಡಿದು ಊಟಕ್ಕೆ ಕರೀತೇವೆ. ಸತ್ತವರು ಹಸಿದರೆ ಸುಮ್ಮನಿರೋದಿಲ್ಲ. ನೀರಿನ ಹತ್ತಿರ ಹಸಿದವ ನೀರಿನ ಮೇಲಿದ್ದವನನ್ನ ಎಳೀತಾನೆ. ಇವನ ತಾಯಿ ಎಲ್ಲೋ ಕಣ್ಣು ಮುಚ್ಚಿದ್ದಾಳೆ, ಇವ ಇಲ್ಲಿ ಬಾಯಿ ತೆರೆದು ಮಲಗಿದ್ದಾನೆ, ಇವನ ಎದುರಿನ ಸಮುದ್ರದಲ್ಲೇ ನಮ್ಮ ಹೈದ ಇದ್ದಾನೆ. ಇವನ ಹೊಟ್ಟೆ ತುಂಬಿಸಿದರೆ ನಮ್ಮವನ ತಂಟೆಗೆ ಬರ್ಲಿಕ್ಕಿಲ್ಲ ಅನ್ನಿಸ್ತು. ಕೈಯಲ್ಲಿ ಊಟದ ಕಟ್ಟೂ ಇತ್ತು.

ಚಪ್ಪಲಿ ಬಿಟ್ಟೆ. ಎಲೆ ಬಿಚ್ಚಿ ಕಲ್ಲಿನ ಬುಡದಲ್ಲಿ ಇಟ್ಟೆ. ಮೋಕ್ಷಿತಾ ಬೇಡ ಅಜ್ಜಿ, ಯಾರಾದರೂ ನೋಡ್ತಾರೆ ಅಂದಳು. ನೋಡಲಿ ಅಂದೆ. ನೀರು ಬಿಟ್ಟೆ. ಕರೆದೆ.

ಕರೆಯುವಾಗ ಹೆಸರು ಬೇಕಲ್ಲ. ಕಲ್ಲಿನಲ್ಲಿ ಇಲ್ಲ. "ಬಾ, ಉಣ್ಣು ಬಾ" ಅಂತ ಬಾಯಿ ತೆರೆದೆ. ವರ್ಷಗಟ್ಟಲೆ ಅಂಗಳದಲ್ಲಿ ನಿಂತು, ಹೊಳೆ ಕಡೆ ಮುಖ ಮಾಡಿ ಕರೆದ ಬಾಯಿ ಇದು. ಉಣ್ಣು ಬಾ ಅಂದ ಮೇಲೆ ಮುಂದಿನ ಮಾತು ಅದಕ್ಕೆ ಒಂದೇ ಗೊತ್ತು.

ಪ್ರಜ್ಞೇಶಾ ಅಂದೆ.

ಸ್ವರ ಎತ್ತಿಯೇ ಅಂದೆ. ಎತ್ತಿಯೇ ಕರೆಯಬೇಕಲ್ಲ.

ಮೋಕ್ಷಿತಾ ನನ್ನ ಮುಖ ನೋಡಿದಳು. "ಅಜ್ಜಿ, ನೀವು ಈಗ ಯಾರ ಹೆಸರು ಹೇಳಿದ್ದು?"

ನಾನು ಮಾತಾಡುವ ಮೊದಲೇ ಕಾಗೆ ಬಂತು. ಮನೆಯಲ್ಲಿ ಅಗೆಲು ಹಾಕಿದರೆ ಕಾಗೆಗೆ ಕಾದು ಕಾದು ಕುತ್ತಿಗೆ ನೋಯ್ತದೆ. ಅಲ್ಲಿ ಕರೆದ ಕೂಡಲೇ ಬಂತು. ಒಂದೇ ಕಾಗೆ. ಸೀದಾ ಎಲೆಗೆ.

ಓಡಿದೆ. ಈ ಮಂಡಿಯಲ್ಲಿ ಓಡಿದೆ. ಚಪ್ಪಲಿಯನ್ನ ಮೋಕ್ಷಿತಾ ಹಿಂದಿನಿಂದ ತಂದಳು.

ಮೂರು ಗಂಟೆಗೆ ಆ ಸಾರ್ ಸಿಕ್ಕಿದ. ಆ ಭಾಗದಲ್ಲಿ ಹಡಗಿನವರು ತಾವು ಎಲ್ಲಿದ್ದೇವೆ ಅಂತ ತೋರಿಸೋದಿಲ್ಲವಂತೆ, ಫೋನೂ ಬಂದ್ ಮಾಡ್ತಾರಂತೆ, ಹೆದರಬೇಡಿ, ಏನಾದರೂ ಆದರೆ ತಿಳಿಸ್ತೇವೆ ಅಂದ. ಏನೂ ಆಗದಿದ್ದರೆ ಯಾರು ತಿಳಿಸೋದು ಅಂತ ಕೇಳಿದೆ. ಬೇರೆ ದಿನವಾದರೆ ಇನ್ನೂ ನಾಲ್ಕು ಕೇಳ್ತಿದ್ದೆ.

ಯಾರಿಗೂ ಹೇಳಬೇಡ ಅಂತ ಮೋಕ್ಷಿತಾಳ ಕೈಯಲ್ಲಿ ಆಣೆ ಹಾಕಿಸಿದ್ದೇನೆ.

ಜುಲೈ 24, ಆಟಿ ಅಮಾವಾಸ್ಯೆ

ಬೆಳಿಗ್ಗೆ, ಈ ದಿನ ಕುಡಿಯಲೇಬೇಕಾದ ಹಾಲೆ ಮರದ ತೊಗಟೆಯ ಕಷಾಯ. ಎಲ್ಲರೂ ಮುಖ ಕಿವುಚಿದರು, ನನಗೆ ಕಹಿಯೇ ಗೊತ್ತಾಗಲಿಲ್ಲ.

ಮಧ್ಯಾಹ್ನ ಹಿರಿಯರಿಗೆ ಅಗೆಲು. ಮೊಣ್ಣಪ್ಪ ಒಳಕೋಣೆಯಲ್ಲಿ ಎಲೆ ಹಾಕಿ ಅವನ ಅಪ್ಪನನ್ನ ಕರೆದ, ಅಜ್ಜನನ್ನ ಕರೆದ. ಕೊನೆಯ ಎಲೆಗೆ ಕೈ ಮುಗಿದು, ಹೆಸರು ಮರೆತವರು, ದಾರಿಯಲ್ಲಿ ಹೋದವರು, ನೀರಲ್ಲಿ ಹೋದವರು, ಎಲ್ಲರೂ ಬಂದು ಉಣ್ಣಿ ಅಂದ.

ಬಾಗಿಲಲ್ಲಿ ನಿಂತಿದ್ದವಳು ಗೋಡೆ ಹಿಡಿದೆ. ಅಷ್ಟೇ ಹೇಳಬೇಕಿದ್ದದ್ದು. ಹೆಸರು ಗೊತ್ತಿಲ್ಲದವರನ್ನ ಹಾಗೆಯೇ ಕರೆಯೋದು. ಈ ಮನೆಗೆ ಬಂದ ವರ್ಷದಿಂದ ಕೇಳ್ತಾ ಬಂದ ಮಾತು. ಆ ಎಲೆಗೆ ಬಡಿಸುವವಳೇ ನಾನು. ಅಲ್ಲಿ ಆ ಕಲ್ಲಿನ ಎದುರು ಯಾಕೆ ನೆನಪಾಗಲಿಲ್ಲ?

ನನ್ನ ಅಮ್ಮ ಹೇಳ್ತಿದ್ದದ್ದು ಮಾತ್ರ ಈಗ ಸರಿಯಾಗಿ ನೆನಪಾಗ್ತದೆ. ಜೀವ ಇರುವವನ ಹೆಸರಿಗೆ ಅಗೆಲು ಹಾಕಿದರೆ ಅವನಿಗೆ ಕನಸಲ್ಲಿ ಕರೆ ಹೋಗ್ತದೆ. ಉಣ್ಣದೆ ಎದ್ದರೆ ಉಳಿದ. ಉಂಡರೆ ಆ ವರ್ಷ ದಾಟೋದಿಲ್ಲ.

ಹೈದನಿಗೆ ಕೋಳಿಸಾರು ಅಂದರೆ ಪ್ರಾಣ. ಚಿಕ್ಕವನಿದ್ದಾಗ ನಿದ್ದೆಗಣ್ಣಲ್ಲೇ ಬಂದು ಕೂತು ಉಣ್ತಿದ್ದ.

ಜುಲೈ 27, ಭಾನುವಾರ

ಫೋನಿಲ್ಲ.

ಮೋಕ್ಷಿತಾ ನಿನ್ನೆ ಬಂದಿದ್ದಾಳೆ. ಮನೆಗೆ ಬಂದ ಮೇಲೆ ಆಣೆ ಒಂದು ದಿನವೂ ತಡೀಲಿಲ್ಲ. ಈಗಿನ ಮಕ್ಕಳ ಆಣೆಗೂ ನೆಟ್‌ವರ್ಕ್ ಇಲ್ಲ. ಅಮ್ಮನ ಹತ್ತಿರ ಎಲ್ಲ ಹೇಳಿಬಿಟ್ಟಳು.

ಯಮುನ ಕಿರುಚ್ತಾಳೆ ಅಂತ ಕಾದೆ. ಕಿರುಚಲಿಲ್ಲ. ಪಾತ್ರೆ ತೊಳೆದು ಮುಗಿಸಿದಳು, ಕೈ ಒರೆಸಿದಳು, ನನ್ನ ಎದುರು ಬಂದು ನಿಂತಳು.

"ಕರೆದದ್ದು ನೀವು ಅತ್ತೆ. ವಾಪಸ್ ಕಳಿಸೋದೂ ನೀವೇ. ನಾನು ಸಂಗಡ ಬರ್ತೇನೆ."

ಬಯ್ದಿದ್ದರೆ ಒಳ್ಳೆದಿತ್ತು. ಇಷ್ಟು ವರ್ಷದಲ್ಲಿ ಅವಳು ನಾನು ಹೇಳಿದ್ದನ್ನ ನಂಬಿದ್ದಿಲ್ಲ. ಇದನ್ನ ನಂಬಿದಳು.

ಮೊಣ್ಣಪ್ಪನಿಗೆ ಹೇಳಿಲ್ಲ. ಮಂಗಳೂರಲ್ಲಿ ಕಣ್ಣು ತೋರಿಸಲಿಕ್ಕೆ ಅಂದಿದ್ದೇವೆ. ಯಾರ ಕಣ್ಣು ಅಂತಲೂ ಕೇಳಲಿಲ್ಲ ಪುಣ್ಯಾತ್ಮ.

ಜುಲೈ 30, ಬುಧವಾರ, ಬೆಳಿಗ್ಗೆ

ನಿನ್ನೆ ಹೋಗಿ ಬಂದೆವು.

ಯಮುನ ಬೆಳಿಗ್ಗೆ ಬೇಗ ಎದ್ದು ಅದೇ ಸಾರು ಮಾಡಿದಳು. ಉಪ್ಪು ನೋಡಲಿಲ್ಲ, ಅಗೆಲಿನದ್ದು ನೋಡಬಾರದು. ಬಸ್ಸಿನಲ್ಲಿ ಕಟ್ಟನ್ನ ಮಡಿಲಲ್ಲೇ ಇಟ್ಟುಕೊಂಡಳು. ಸುಳ್ಯ ದಾಟಿತು, ಪುತ್ತೂರು ದಾಟಿತು, ಅದರ ಮೇಲಿಂದ ಕೈ ತೆಗೆಯಲಿಲ್ಲ.

ಅದೇ ಗೇಟು. ಅದೇ ಹೆಂಗಸು, ಮತ್ತೆ ಬಂದ್ರಾ ಅಂದಳು. ಮೂಲೆಯ ಕಲ್ಲಿನ ಹತ್ತಿರ ಹಳೇ ಎಲೆ ಇರಲಿಲ್ಲ. ಒಂದು ಅಗುಳೂ ಇರಲಿಲ್ಲ. ಗುಡಿಸಿದ್ದಾ ಅಂತ ಕೇಳಿದೆ. ಈ ಮೂಲೆಗೆ ನಾನು ಬರೋದಿಲ್ಲಮ್ಮ, ಹಾವು ಉಂಟು ಅಂದಳು.

ಯಮುನ ಎಲೆ ಹಾಕಿದಳು. ನಾನು ಎದುರು ನಿಂತೆ. ಹೆದರಿಕೆ ಆದಾಗ ನನಗೆ ಸಿಟ್ಟೂ ಬರ್ತದೆ. ಹೇಳಿದೆ — "ನಿನ್ನ ಹೆಸರು ನನಗೆ ಗೊತ್ತಿಲ್ಲ ಮಗಾ. ಅದು ನಿನ್ನ ಕಲ್ಲಿನ ತಪ್ಪು, ನನ್ನದಲ್ಲ. ಅವತ್ತಿನದ್ದೂ ನಿನ್ನದೇ, ಇವತ್ತಿನದ್ದೂ ನಿನ್ನದೇ. ನಮ್ಮವನಿಗೆ ಮನೆಯಲ್ಲಿ ಉಂಟು. ಅವನ ಎಲೆಗೆ ಕೈ ಹಾಕಬೇಡ, ನಿನ್ನ ಎಲೆ ಹತ್ತಿರ ಅವನನ್ನ ಕೂರಿಸಬೇಡ."

ಆಮೇಲೆ ಸರಿಯಾದ ಮಾತು ಹೇಳಿದೆ. ಹೆಸರು ಮರೆತವನೇ, ನೀರ ದಾರಿಯಲ್ಲಿ ಹೋದವನೇ, ಬಂದು ಉಣ್ಣು.

ಕಾಗೆ ಬಂತು. ಗೋಡೆಯ ಮೇಲೆ ಕೂತಿತು. ಇಳಿಯಲಿಲ್ಲ.

ಕಾದೆವು. ಹಿಂದೆ ಸರಿದು ಕಾದೆವು. ಬೆನ್ನು ತಿರುಗಿಸಿ ಕಾದೆವು. ಮಳೆ ಶುರುವಾಯ್ತು. ಯಮುನ ಕುಕ್ಕರುಗಾಲಲ್ಲಿ ಕೂತು ಕೊಡೆ ಬಿಚ್ಚಿ ಎಲೆಗೆ ಹಿಡಿದಳು, ತಾನು ನೆನೆದಳು. ಕಾಗೆ ರೆಕ್ಕೆ ಕೊಡವಿತು, ಎಲೆ ನೋಡಿತು, ನಮ್ಮನ್ನ ನೋಡಿತು. ಹೊಟ್ಟೆ ತುಂಬಿದ್ದು ನೋಡುವ ಹಾಗೆ ನೋಡಿತು.

ಗೇಟು ಹಾಕ್ತೇನೆ ಅಂತ ಹೆಂಗಸು ಕರೆದಳು. ಯಮುನ ಏಳಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿದೆ. ನನ್ನ ಕೈ ಕೊಡವಲಿಲ್ಲ. ಬಸ್ಸಿನಲ್ಲಿ ಕಿಟಕಿ ಸೀಟು ನನಗೆ ಬಿಟ್ಟಳು, ಸೆರಗಿನಿಂದ ನನ್ನ ತಲೆ ಒರೆಸಿದಳು. ಅದರಿಂದ ನನಗೆ ಇನ್ನೂ ಹೆದರಿಕೆಯಾಯ್ತು.

ಜುಲೈ 31

ಬರೆಯಲಿಕ್ಕೆ ಎಂಥದೂ ಇಲ್ಲ. ಊಟಕ್ಕೆ ಯಾರನ್ನೂ ಕರೀತಾ ಇಲ್ಲ ನಾನು. ಬಡಿಸಿ, ಪಾತ್ರೆಗೆ ಸೌಟು ಬಡೀತೇನೆ. ಮೊಣ್ಣಪ್ಪನಿಗೆ ಅಮ್ಮನ ಗಂಟಲು ಕಟ್ಟಿದೆ ಅಂತ ಲೆಕ್ಕ. ಶುಂಠಿ ತಂದು ಕೊಟ್ಟ.

ಆಗಸ್ಟ್ 3, ಭಾನುವಾರ, ಬೆಳಿಗ್ಗೆ ಹನ್ನೊಂದು

ಫೋನು ಬಂತು.

ಬಂತು. ಅವನದ್ದೇ ಸ್ವರ. ಈಗಷ್ಟೇ. ಅಕ್ಷರ ಸೊಟ್ಟ ಆಗ್ತಿದೆ, ಆಗಲಿ.

ಆ ಸಮುದ್ರ ದಾಟಿ ಯಾವುದೋ ಬಂದರಿಗೆ ಬಂದಿದ್ದಾರಂತೆ. ಇವರ ಮುಂದೆ ಹೋಗ್ತಿದ್ದ ಹಡಗಿಗೆ ಬಾಂಬು ಬಿತ್ತಂತೆ, ಇವರದ್ದಕ್ಕೆ ಇಲ್ಲ. ಮೊಣ್ಣಪ್ಪ ಫೋನು ಹಿಡಿದು ಹಾಂ ಹಾಂ ಅಂತ ಅಷ್ಟೇ ಅಂದ, ಅಂಗಳಕ್ಕೆ ಹೋಗಿ ಮುಖ ತೊಳೆದ. ಯಮುನ ಅಳ್ತಾ ನಗ್ತಾ, ಸಪೂರ ಆಗಿದ್ದೀಯಾ ಅಂತ ಕೇಳಿದಳು, ಫೋನಲ್ಲಿ ಕಂಡ ಹಾಗೆ. ಈಗ ಪಾಯಸಕ್ಕೆ ಹಾಲು ಇಟ್ಟಿದ್ದಾಳೆ.

ಕೊನೆಗೆ ನನಗೆ ಕೊಟ್ಟರು. ನಗಾಡಿದ, ಹಾಗೆಯೇ. ಆಮೇಲೆ ಹೇಳಿದ:

"ಅಜ್ಜಿ, ಒಂದಿನ ಮಧ್ಯಾಹ್ನ ಡ್ಯೂಟಿ ಮುಗಿಸಿ ಮಲಗಿದ್ದೆ. ನೀವು ಅಂಗಳದಿಂದ ಊಟಕ್ಕೆ ಕರೆದ ಹಾಗೆ ಆಯ್ತು. ಕೋಳಿಸಾರಿನ ವಾಸನೆ ಸಮೇತ."

ಯಾವತ್ತು ಅಂತ ಕೇಳಿದೆ. ಹಡಗಲ್ಲಿ ವಾರ ಎಲ್ಲಿ ಗೊತ್ತಾಗ್ತದೆ ಅಂದ. ಯಮುನಳಿಗೆ ಕೇಳಿಸಬಾರದು ಅಂತ ಫೋನನ್ನ ಬಾಯಿಗೆ ಒತ್ತಿ ಹಿಡಿದು ಕೇಳಿದೆ.

"ನೀನು ಉಂಡೆಯಾ?"

"ಕೈ ತೊಳೆದು ಎಲೆ ಮುಂದೆ ಕೂತೆ ಅಜ್ಜಿ. ಆಮೇಲೆ —"

ಕಟ್ ಆಯ್ತು.

ಅವನೇ ಮತ್ತೆ ಮಾಡ್ತಾನೆ ಅಂತ ಮೊಣ್ಣಪ್ಪ ಹೇಳ್ತಾನೆ. ಫೋನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಅಡುಗೆಮನೆಯಿಂದ ಏಲಕ್ಕಿ ವಾಸನೆ ಬರ್ತಿದೆ. ಯಮುನ ಮೆಲ್ಲಗೆ ಪದ ಹಾಡ್ತಿದ್ದಾಳೆ, ನನಗೆ ಕೇಳ್ತಿದೆ ಅಂತ ಅವಳಿಗೆ ಗೊತ್ತಿಲ್ಲ.

ಉಣ್ಣಲಿಲ್ಲ ಅಂತ ಒಂದು ಮಾತು ಹೇಳಲಿ, ಸಾಕು.

ಫೋನು ಹೊಡೀತಾ ಉಂಟು. ಯಮುನ ಕೈ ಒರೆಸ್ತಾ ಓಡಿ ಬರ್ತಿದ್ದಾಳೆ. ಅವಳು ತೆಗೆಯುವ ಮೊದಲು ನಾನು