ಒಣ ಮಡಿಯ ಕಾಳು

ಮಾರ್ಚ್ ೯, ಸೋಮವಾರ

ನೀರು ಹಾಯಿಸದ ಒಣ ಮಡಿಯಲ್ಲಿ ಬೆಳೆದ ಕೇಸರಿಬೇಳೆ ಕಾಳಿನಲ್ಲಿ ವಿಷ ಮರಳಿ ಬಂದಿದೆ. ಮತ್ತೆ ಮತ್ತೆ ಅಳೆದೆ, ಅಷ್ಟೇ ಬಂತು. ನರ ಕೊಂದು ಕಾಲಿನ ಶಕ್ತಿ ಕಸಿಯುವ ವಿಷ ಅದು. ಅದನ್ನು ತಯಾರಿಸುವ ಜೀನನ್ನು ತಡೆದೆನೆಂದು ನಂಬಿಯೇ ಇಷ್ಟು ವರ್ಷ ದುಡಿದೆ. ನೀರು ಸಿಗದಿದ್ದರೆ ಗಿಡ ಬೇರೆ ದಾರಿ ಹುಡುಕಿಕೊಳ್ಳುತ್ತದೆ.

ಸಂಶೋಧನೆ ಹಾಳಾಗಲಿ. ಚಳಿಗಾಲವಿಡೀ ನಾನೂ ಇವರೂ ತಿಂದದ್ದು ಅದೇ ಮಡಿಯ ಕಾಳು. "ಹೆಂಡತಿ ಬೆಳೆದಿದ್ದನ್ನ ನಾನೇ ತಿನ್ನದಿದ್ರೆ ಬೇರೆಯವರು ಯಾಕೆ ತಿಂತಾರೆ?" ಎಂದು ಇವರು ನನಗಿಂತ ಹೆಚ್ಚೇ ಬಡಿಸಿಕೊಳ್ಳುತ್ತಿದ್ದರು.

ಸಂಜೆ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತುಬಿಟ್ಟರು.

"ಏನಾಯ್ತು?" ಎಂದೆ.

"ಏನಿಲ್ಲ ಕಣೆ, ಮೀನಖಂಡ ಬಿಗಿದ ಹಾಗಾಯ್ತು. ವಯಸ್ಸಾಯ್ತಲ್ಲ."

ಎಲ್ಲ ಹೇಳಿದೆ. "ನಿನ್ನ ಕಾಲು ಹೇಗಿದೆ?" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಗ್ಗೆ ನರರೋಗದ ಡಾಕ್ಟರ ಹತ್ತಿರ ಹೋಗಬೇಕು. ಈ ಹಾನಿ ಒಮ್ಮೆ ಆದರೆ ವಾಸಿಯಾಗದು ಎಂದು ತರಗತಿಯಲ್ಲಿ ಎಷ್ಟು ಸಲೀಸಾಗಿ ಪಾಠ ಮಾಡಿದ್ದೇನೆ. ಈಗ ಇವರು ಮಲಗಿದ್ದಾರೆ. ಹೊದಿಕೆ ಸರಿಸಿ ಅಂಗಾಲಿಗೆ ಬೆರಳು ತಾಗಿಸಿದೆ. ನಿದ್ದೆಯಲ್ಲೇ ಕಾಲು ಥಟ್ಟನೆ ಎಳೆದುಕೊಂಡರು. ಅದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ, ಇಷ್ಟೆಲ್ಲ ಓದಿದವಳಿಗೆ ಈಗ ನೆನಪೇ ಬರುತ್ತಿಲ್ಲ.